ಕಲ್ಲೆತ್ತುವ ಸವಾಬ್

ಹಯಾತ್ ಸಾಬರು ಇವತ್ತೂ ರಸ್ತೆ ನಡುವೆ ಬಗ್ಗಿ ಕಲ್ಲು ಎತ್ತುತ್ತಿದ್ದರು. ಹೊಸನಗರದ ಬಸ್ಸಿನ ಕಿಟಕಿಯಿಂದ ಮೈಮೂನಾ ನೋಡಿದಳು. ನಾಲ್ಕು ವಾರದಿಂದ ಸಾಗರದಿಂದ ಬಂದು, ಇಳಿಯುವ ಧೈರ್ಯ ಸಾಲದೆ ಮುಂದೆ ಹೋಗಿದ್ದಳು. ಇವತ್ತು ಆ ಮಾತು ಆಗಲೇಬೇಕು.

"ಆ ಅಜ್ಜನಾ?" ಈ ರೂಟಿಗೆ ಹೊಸಬನಾದ ಕಂಡಕ್ಟರ್ ದೀಪಕ್ ನಕ್ಕ. "ದಿನಾ ಬೆಳಿಗ್ಗೆ ಇದೇ ಕೆಲಸ. ಸವಾಬ್ ಬರುತ್ತಂತೆ, ಪುಣ್ಯ. ಎಂತದೋ ಪಾಪ ಕಾಡ್ತಿರ್ಬೇಕು ಮಾರಾಯ್ರೆ."

ಮೈಮೂನಾ ಅವನತ್ತ ತಿರುಗದೆ ಕಿಟಕಿಯಾಚೆಗೇ ನೋಡಿದಳು.

ಲಾರಿ ಕೆಟ್ಟು ನಿಂತರೆ ಗಾಲಿಗೆ ಕಲ್ಲು ಕೊಡುತ್ತಾರೆ. ರಿಪೇರಿ ಆಯಿತೋ, ಕಲ್ಲನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ಅವರಪ್ಪನ ಮನೆ ಗಂಟೇನೂ ಹೋಗುವುದಿಲ್ಲವಲ್ಲ! ಮೂರು ವರ್ಷದ ಹಿಂದೆ ಅಂಥದೇ ಕಲ್ಲಿಗೆ ಬೈಕು ಬಡಿದು ಈ ತಿರುವಿನಲ್ಲಿ ಒಂದು ಜೀವ ಹೋಗಿತ್ತು. ಪೇಪರಿನಲ್ಲಿ ಬಂದ ಆ ಕಲ್ಲಿನ ಫೋಟೋ ಇನ್ನೂ ಮೈಮೂನಾಳ ಟ್ರಂಕಿನಲ್ಲಿದೆ. ಗಂಡ ಉಸಿರು ನಿಲ್ಲುವವರೆಗೂ ಈ ತಿರುವನ್ನೇ ಕನವರಿಸಿದ್ದ. ಅವನು ಹೋದ ಮೇಲೆ ಅವಳಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಸಾಕು, ತಾನು ಎಂದೂ ಕೇಳಿರದ ಆ ಬೈಕು ಬೀಳುವ ಸದ್ದು ಕೇಳುತ್ತದೆ.

ಬಸ್ಸು ನಿಲ್ಲಿಸಿ ಇಳಿದಳು.

"ಯಾರಮ್ಮ? ದಾರಿ ತಪ್ಪಿತಾ?" ಸಾಬರು ಸೊಂಟ ನೆಟ್ಟಗೆ ಮಾಡಿಕೊಂಡರು.

"ಸಾಗರದವಳು ಚಾಚಾ. ಇದನ್ನೆಲ್ಲ ಯಾಕೆ ಮಾಡ್ತೀರಾ?"

"ದಾರೀಲಿರೋ ತೊಂದರೆ ತೆಗೆದ್ರೂ ಸವಾಬ್ ಅಲ್ವೇನಮ್ಮ."

"ನಿಮಗೆ ಅಷ್ಟೊಂದು ಸವಾಬ್ ಯಾಕೆ?"

ಮುದುಕರು ಕೈಯಲ್ಲಿದ್ದ ಕಲ್ಲನ್ನು ರಸ್ತೆಯ ಪಕ್ಕಕ್ಕಿಟ್ಟರು. "ನನಗಲ್ಲ. ಎಲ್ಲಾನೂ ಇಲ್ಲಿ ಸತ್ತವನ ಹೆಸರಿಗೆ."

ಮೈಮೂನಾ ಒಂದು ಹೆಜ್ಜೆ ಮುಂದಿಟ್ಟಳು. ಈಗ ಕೇಳದೆ ಹೋದರೆ ಮತ್ತೆ ಈ ಧೈರ್ಯ ಬರುವುದಿಲ್ಲ.

"ಕಲ್ಲು ಬಿಟ್ಟು ಹೋದವರಿಗೆ ಮಾಫಿ ಉಂಟಾ ಚಾಚಾ?"

ಸಾಬರು ಅವಳನ್ನು ದಿಟ್ಟಿಸಿದರು. "ನೋವು ಉಂಡವರು ಮೊದಲು ಮಾಫ್ ಮಾಡ್ಬೇಕು. ಇಲ್ಲಾಂದ್ರೆ ಕಯಾಮತ್ ದಿನ, ಅಲ್ಲಾಹನ ಮುಂದೆ ಲೆಕ್ಕ ಆಗುವಾಗ, ತಪ್ಪು ಮಾಡಿದವರ ನಮಾಜು, ರೋಜಾ ಉಪವಾಸ, ಎಲ್ಲದರ ಸವಾಬೂ ನೋವು ಉಂಡವರ ಪಾಲು."

ಮೋರಿ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು.

"ಮಾಫ್ ಮಾಡೋಕೆ ನಾನು ತಯಾರಿದ್ದೀನಿ ಅಮ್ಮಾ. ಕೇಳೋಕೆ ಯಾರಾದ್ರೂ ಬರ್ಬೇಕಲ್ಲ. ಮೂರು ವರ್ಷದಿಂದ ಇಲ್ಲೇ ಕಾಯ್ತಿದ್ದೀನಿ. ನನ್ನ ಮಗ ಸತ್ತಿದ್ದು ತಮ್ಮಿಂದ ಅಂತ ಹೇಳ್ಕೊಂಡು ಇನ್ನೂ ಯಾರೂ ಬಂದಿಲ್ಲ."

ಮೈಮೂನಾ ಅವರ ಮುಂದೆ ಕುಸಿದಳು. ಮೂರು ವರ್ಷದ ಹಿಂದಿನ ಆ ಸಂಜೆ, ರಿಪೇರಿಯಾದ ಲಾರಿಯ ಗಾಲಿಗೆ ಕೊಟ್ಟಿದ್ದ ಕಲ್ಲನ್ನು ಪಕ್ಕಕ್ಕೆ ಹಾಕಲು ಬಗ್ಗಿದ್ದ ಗಂಡನನ್ನು "ನಮಾಜಿನ ಹೊತ್ತು ಮೀರುತ್ತೆ, ಬಿಡಿ ಅದನ್ನ" ಎಂದು ಅವಸರ ಮಾಡಿ ಲಾರಿ ಹತ್ತಿಸಿದ್ದು ಅವಳೇ.