ಭಾಷಣಗಳಿಗೊಂದು ಹಾರ್ಡ್ ಡಿಸ್ಕ್

ಹಳೆಯ ಲ್ಯಾಪ್‌ಟಾಪ್ ಕೈಕೊಡುವ ಮೊದಲೇ ತನ್ನ ಭಾಷಣಗಳ ವಿಡಿಯೋಗಳನ್ನು ಉಳಿಸಿಕೊಳ್ಳಲು, ಗಂಡ ಹೆಂಡತಿಯನ್ನು ಕರೆದುಕೊಂಡು ಅಂಗಡಿಗೆ ಬಂದ.

"ದೊಡ್ಡ ಹಾರ್ಡ್ ಡಿಸ್ಕೇ ತಗೊಳ್ಳಿ ಸಾರ್," ಎಂದ ಅಂಗಡಿಯವನು.

"ಅಷ್ಟೆಲ್ಲ ಬಜೆಟ್ ಇಲ್ಲಪ್ಪ. ಚಿಕ್ಕದು ಕೊಡು. ಜಾಗ ಸಾಲದಿದ್ರೆ ಏನಾದ್ರೂ ಅಳಿಸಿದ್ರಾಯ್ತು."

ಹೆಂಡತಿ ಅವನ ಮುಖ ನೋಡಿದಳು. ಹೋದ ವರ್ಷ ಇದೇ ಭಾಷಣಗಳಿಗೆ ಜಾಗ ಮಾಡಲು, ತೀರಿಹೋದ ಅವಳ ಅಮ್ಮ ಹಾಡಿದ್ದ ಸೋಬಾನೆ ಪದಗಳನ್ನೆಲ್ಲ ಅವನು ಅಳಿಸಿದ್ದ. "ಹಳೇ ಹಾಡು ಕಣೇ, ಯಾರು ಕೇಳ್ತಾರೆ?" ಎಂದಿದ್ದ.

"ಕಾಪಿ ನಾನೇ ಮಾಡ್ತೀನಿ ಬಿಡಿ," ಎಂದಳು.

ವಾರದೊಳಗೆ ಲ್ಯಾಪ್‌ಟಾಪ್ ಸತ್ತಿತು. ಗಂಡ ಡಿಸ್ಕನ್ನು ಟಿವಿಗೆ ಸಿಕ್ಕಿಸಿದ.

"ಇದೇನೇ, ಪೂರ್ತಿ ಖಾಲಿ! ನನ್ನ ಭಾಷಣ ಎಲ್ಲೇ?"

ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

"ಹಳೇ ಭಾಷಣ ಕಣ್ರೀ, ಯಾರು ಕೇಳ್ತಾರೆ?"