ಹಿಸುಕಿ ನೋಡಿದ ಪೈಪು

ಮೊನ್ನೆ ಮೆಕ್ಯಾನಿಕ್ ನನ್ನ ಕಾರಿನಿಂದ ಬಿಚ್ಚಿ ಕೈಗಿಟ್ಟ ರೇಡಿಯೇಟರ್ ಪೈಪಿನ ಬೆಂದ ರಬ್ಬರ್ ವಾಸನೆಗೆ ತಾಯಲೂರಿನ ಒಂದು ಮಧ್ಯಾಹ್ನ ನೆನಪಾಯಿತು.

ನನಗಾಗ ಒಂಬತ್ತು ವರ್ಷ. ಹಿಂದಿನ ದಿನ ಅಪ್ಪ ನಮ್ಮ ಟೊಮೆಟೊ ಟೆಂಪೊದ ಬಾನೆಟ್ ಎತ್ತಿ, ಇಂಥದೇ ಪೈಪನ್ನು ಹಿಸುಕಿ ನೋಡಿ, ನನ್ನಿಂದಲೂ ಹಿಸುಕಿಸಿದ್ದರು. ಅದು ಉಬ್ಬಿ ಮೆತ್ತಗಾಗಿತ್ತು. ಬೆರಳಿಗೆ ಮಸಿ ಅಂಟಿತು.

"ಇದು ಹೋಗಿದೆ ಕಣೇ. ಬೇರೆ ಹಾಕ್ಬೇಕು," ಎಂದಿದ್ದರು ಅಪ್ಪ.

ಹಾಕಲಿಲ್ಲ. ಬೆಳಿಗ್ಗೆ ಚಿಕ್ಕಪ್ಪ ಅದೇ ಟೆಂಪೊದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಹೊರಟಾಗ ಅಪ್ಪ ಒಂದು ಮಾತೂ ಹೇಳಲಿಲ್ಲ. ದಾರಿಯಲ್ಲಿ ಎಂಜಿನ್ ಕಾದಿದೆಯೆಂದು ಚಿಕ್ಕಪ್ಪ ಬಾನೆಟ್ ಎತ್ತಿದಾಗ ಪೈಪು ಒಡೆದು ಕುದಿನೀರು ಎರಚಿತು.

ಮಧ್ಯಾಹ್ನ ಚಿಕ್ಕಪ್ಪ ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದು ಜಗಲಿಯ ಮೇಲೆ ಕುಳಿತರು. ಚಿಕ್ಕಮ್ಮ ಅಳುತ್ತಾ, "ಭಾವ, ನೀವು ಪೈಪು ನೋಡಿರ್ಲಿಲ್ವಾ?" ಎಂದು ಕೇಳಿದರು.

"ನೋಡಿದ್ದೆ ಕಣಮ್ಮ, ಕಲ್ಲಿದ್ದಂಗಿತ್ತು. ಬೇಕಾದ್ರೆ ಇವಳನ್ನ ಕೇಳು, ಇವಳೂ ಮುಟ್ಟಿ ನೋಡಿದ್ಲು."

ಅಪ್ಪನ ಕೈ ನನ್ನ ಹೆಗಲ ಮೇಲಿತ್ತು. ಅವರು ನನ್ನ ಮುಖ ನೋಡಲಿಲ್ಲ. ನಾನು ಹೂಂ ಎಂದೆ.

ಚಿಕ್ಕಪ್ಪ ಹೆಂಡತಿಯನ್ನೇ ಗದರಿದರು. "ಸುಮ್ನಿರೇ. ಮಗು ಸುಳ್ಳು ಹೇಳುತ್ತಾ?"