ಎರಡು ಸಲ ಬಂದ ನಾಣ್ಯ

“ನಿನ್ನ ತಂಗಿ ಕಳ್ಳಿ ಕಣಯ್ಯ,” ಎಂದ ಬ್ಯಾಂಕಿನ ಅಧಿಕಾರಿ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ದರ್ಜಿಗೆ ಮೈಯೆಲ್ಲ ಉರಿಯಿತು. ಬ್ಯಾಂಕಿನಿಂದ ಕರೆ ಬಂದ ಕೂಡಲೇ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿ ಬಂದಿದ್ದ. ಹಿಂದೆ ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದರು.

ಗುತ್ತಿಗೆದಾರನೊಬ್ಬನ ಮಾತು ನಂಬಿ ಕೆಲಸಕ್ಕೆ ಹೋದ ತಂಗಿಯ ಪತ್ತೆಯೇ ಇರಲಿಲ್ಲ. ಫೋನಿಲ್ಲ, ಮಾತಿಲ್ಲ. ತಿಂಗಳಿಗೊಮ್ಮೆ ಅವನ ಮೊಬೈಲಿಗೆ ಡಿಜಿಟಲ್ ನಾಣ್ಯಗಳು ಬಂದು ಬೀಳುತ್ತಿದ್ದವು, ಅಷ್ಟೆ. ಕಳಿಸಿದವರ ಹೆಸರಿಲ್ಲ, ಊರಿಲ್ಲ, ಜೊತೆಗೆ ಒಂದಕ್ಷರ ಬರೆಯಲು ಜಾಗವೂ ಇಲ್ಲ. ಕಳಿಸುತ್ತಿರುವುದು ಅವಳೋ, ಅವನ ಬಾಯಿ ಮುಚ್ಚಿಸಲು ಬೇರೆ ಯಾರೋ? ಅವಳು ಬದುಕಿದ್ದಾಳೆಯೇ?

ಠಾಣೆಗೆ ಅಲೆದು ಚಪ್ಪಲಿ ಸವೆದಿತ್ತು. “ದುಡ್ಡು ಬರ್ತಿದೆಯಲ್ಲಪ್ಪ, ಇನ್ನೇನು ಬೇಕು? ಆರಾಮಾಗಿದ್ದಾಳೆ ಬಿಡು,” ಎಂದಿದ್ದ ಇನ್ಸ್‌ಪೆಕ್ಟರ್. ಇಲ್ಲಿಗೆ ಬಂದರೆ ಇದೇ ಅಧಿಕಾರಿ ಗೋಡೆಯ ಫಲಕದತ್ತ ಬೆರಳು ತೋರಿಸಿದ್ದ: ನಾಣ್ಯ ಕೊಟ್ಟವರ ಹೆಸರು ಬ್ಯಾಂಕಿಗೂ ಕಾಣದು. ಉಳ್ಳವರ ಲಂಚಕ್ಕೆ ಹೊದಿಸಿದ್ದ ಮುಸುಕು ಬಡವನ ಕಣ್ಣಿಗೆ ಕಟ್ಟಿದ ಬಟ್ಟೆಯಾಗಿತ್ತು.

“ಹೆಸರೇ ಕಾಣಲ್ಲ ಅಂದಿದ್ರಲ್ಲ ಸಾರ್?”

“ಒಂದು ಸಲ ಕೊಟ್ಟರೆ ಕಾಣಲ್ಲ. ನಕಲು ಮಾಡಿ ಅದನ್ನೇ ಇನ್ನೊಂದು ಸಲ ಕೊಟ್ಟರೆ ಮುಸುಕು ತಾನಾಗೇ ಕಳಚುತ್ತೆ. ಹೆಸರು, ಕಳಿಸಿದ ಜಾಗ, ಎಲ್ಲ ಹೊರಗೆ. ಹೋದ ತಿಂಗಳು ಕಳಿಸಿದ ನಾಣ್ಯವನ್ನೇ ಈ ತಿಂಗಳೂ ಕಳಿಸಿದ್ದಾಳೆ ನಿನ್ನ ತಂಗಿ.”

“ಎಷ್ಟರ ನಾಣ್ಯ?”

“ಒಂದು ಟೀ ಬರುತ್ತೆ.”

“ಟೀ ಕಾಸಿಗೆ ಕಳ್ಳಿನಾ? ನಾನೇ ಕಟ್ತೀನಿ ಸಾರ್, ಕೈ ಮುಗೀತೀನಿ. ಏನೋ ತಿಳೀದೆ ಆಗಿರುತ್ತೆ.”

“ತಿಳೀದೆ?” ಅಧಿಕಾರಿ ಈಗ ತಲೆಯೆತ್ತಿದ. “ಸಂಬಳ ಜಾಸ್ತಿ ಮಾಡಿ ಅಂತ ಎಲ್ಲರನ್ನೂ ಎತ್ತಿಕಟ್ಟಿದಳು, ಕೆಲಸದಿಂದ ತೆಗೆದ್ವಿ. ಅಲ್ಲೀವರೆಗೂ ಇದೇ ಕೌಂಟರಲ್ಲಿ ಕೂತು ಈ ನಿಯಮಾನ ಬಂದೋರಿಗೆಲ್ಲ ಪಾಠ ಹೇಳ್ತಿದ್ದವಳು ಅವಳೇ ಅಲ್ವೇನಯ್ಯ? ಬ್ಯಾಂಕಿನ ಕಾಸು ಅಂದ್ರೆ ಹುಡುಗಾಟ ಅಲ್ಲ. ಪೊಲೀಸ್ ಜೀಪು ಆಗಲೇ ಹೊರಟಿದೆ. ಯಾವುದೋ ಕಾರ್ಖಾನೆ ಹಿಂದಿನ ಗೋದಾಮಂತೆ. ಯಾವಾಗ್ಲೂ ಹೊರಗಿಂದ ಬೀಗ ಹಾಕಿರುತ್ತಂತೆ, ಆದ್ರೂ ಬಿಡಲ್ಲ, ಒಡೀತಾರೆ.”

ದರ್ಜಿ ಮುಗಿದಿದ್ದ ಕೈಗಳನ್ನು ಮೆಲ್ಲಗೆ ಇಳಿಸಿದ.

ಕಾಣೆಯಾದ ಹೆಣ್ಣಿಗಾಗಿ ಕೂತಲ್ಲಿಂದ ಅಲ್ಲಾಡದ ಪೊಲೀಸರನ್ನು, ಒಂದು ಟೀ ಕಾಸಿನಲ್ಲಿ, ತಂಗಿ ತನ್ನ ಬೀಗದ ಬಾಗಿಲಿಗೇ ಕರೆಸಿಕೊಂಡಿದ್ದಳು.